ಗೈರಾದ 20 ಮಂದಿ: ಶಾಸಕರ ಮತದಾಖಲೆಯನ್ನು ಅಂಕಿಯಲ್ಲಿ ಅಳೆಯಲು ಹೊರಟಾಗ

2019ರ ಜುಲೈ 23ರ ಸಂಜೆ ಕರ್ನಾಟಕ ವಿಧಾನಸಭೆಯಲ್ಲಿ ಸಾಲು ಸಾಲಾಗಿ ತಲೆ ಎಣಿಸಿದರು. ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ್ದ ವಿಶ್ವಾಸಮತದ ಪರ 99, ವಿರುದ್ಧ 105. ಹದಿನಾಲ್ಕು ತಿಂಗಳ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಅಲ್ಲಿಗೆ ಮುಗಿಯಿತು. ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಇವೇ ಎರಡು ಅಂಕಿಗಳಿದ್ದವು.

ನಮ್ಮ ಶಾಸಕರು ಸದನದಲ್ಲಿ ಏನು ಮಾಡುತ್ತಾರೆ, ಯಾವುದಕ್ಕೆ ಮತ ಹಾಕುತ್ತಾರೆ ಅನ್ನುವುದನ್ನು ಅಂಕಿ ಅಂಶದಲ್ಲಿ ಅಳೆಯಬಹುದಾ? ಈ ಪ್ರಶ್ನೆಗೆ ಆ ಒಂದು ಸಂಜೆಗಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಯಾಕೆಂದರೆ ಅವತ್ತಿನ ಮುಖ್ಯ ಮಾಹಿತಿ 99ರಲ್ಲೂ ಇಲ್ಲ, 105ರಲ್ಲೂ ಇಲ್ಲ. ಸದನಕ್ಕೆ ಬಾರದ 20 ಜನರಲ್ಲಿದೆ. ಶಾಸಕರಿಗೆ ಅಂಕ ಕೊಡುವ ಬಹುತೇಕ ಪಟ್ಟಿಗಳು ಈ 20 ಜನರನ್ನು ಗಮನಿಸದೆ ಮುಂದೆ ಹೋಗುತ್ತವೆ. ಹಾಗೆ ಹೋದರೆ ಆ ಪಟ್ಟಿಯಿಂದ ಓದುಗರಿಗೆ ಪ್ರಯೋಜನಕ್ಕಿಂತ ದಾರಿ ತಪ್ಪುವುದೇ ಜಾಸ್ತಿ.

ಮೊದಲು ಕೂಡುಲೆಕ್ಕ

ಆಗ ವಿಧಾನಸಭೆಯ ಬಲ 225. ಚುನಾಯಿತರು 224, ಜೊತೆಗೆ ನಾಮನಿರ್ದೇಶಿತ ಆಂಗ್ಲೋ ಇಂಡಿಯನ್ ಸದಸ್ಯರು ಒಬ್ಬರು. (ಈ ನಾಮನಿರ್ದೇಶನ 2020ರ ಜನವರಿಯಿಂದ ನಿಂತುಹೋಗಿದೆ.) ಸಂವಿಧಾನದ 189ನೇ ವಿಧಿಯ ಪ್ರಕಾರ ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ. ಎರಡೂ ಕಡೆ ಸಮ ಸಮ ಬಂದಾಗ ಮಾತ್ರ ಹಾಕುತ್ತಾರೆ. ಹಾಗಾಗಿ ಮತ ಹಾಕಬಹುದಾಗಿದ್ದವರು 224. ಅದರಲ್ಲಿ 99 ಮತ್ತು 105 ಕಳೆದರೆ ಉಳಿದದ್ದು 20. ಲೆಕ್ಕ ಸರಿಯಾಗಿ ಕೂಡುತ್ತದೆ.

ಬಿಜೆಪಿಯ 105 ಜನರೂ ಬಂದಿದ್ದರು. ಗೈರಾದ 20 ಜನರೂ ಒಂದಲ್ಲ ಒಂದು ಹೊತ್ತಿನಲ್ಲಿ ಮೈತ್ರಿ ಸರ್ಕಾರದ ಕಡೆ ಎಣಿಕೆಯಾಗಿದ್ದವರು. ಎಲ್ಲರೂ ಬಂದು ಸರ್ಕಾರದ ಪರ ನಿಂತಿದ್ದರೆ 119ಕ್ಕೆ 105 ಆಗುತ್ತಿತ್ತು. ಅಂತರ 14. ಅಂದರೆ 14 ಜನ ಬಾರದಿದ್ದರೆ ಸಮ ಸಮ, 15 ಜನ ಬಾರದಿದ್ದರೆ ಸೋಲು. ಒಬ್ಬರೂ ವಿರುದ್ಧ ಕೈ ಎತ್ತಬೇಕಾಗಿರಲಿಲ್ಲ. ಸುಮ್ನೆ ಬಾರದಿದ್ದರೆ ಸಾಕಿತ್ತು. 189ನೇ ವಿಧಿ ಲೆಕ್ಕ ಹಾಕುವುದು "ಹಾಜರಿದ್ದು ಮತ ಹಾಕಿದವರ" ಬಹುಮತವನ್ನು ಮಾತ್ರ. ಹಾಗಾಗಿ ಗೈರು ಅನ್ನುವುದೇ ಅರ್ಧ ಮತದಷ್ಟು ತೂಗುತ್ತದೆ. ವಿರುದ್ಧ ಮತ ಹಾಕಿದರೆ ಅಂತರ ಎರಡು ಕಡಿಮೆಯಾಗುತ್ತದೆ, ಬಾರದಿದ್ದರೆ ಒಂದು ಕಡಿಮೆಯಾಗುತ್ತದೆ.

ಈಗ ಇದೇ ದಿನವನ್ನು ಸಾಮಾನ್ಯ ಅಂಕಪಟ್ಟಿಯ ರೀತಿಯಲ್ಲಿ ನೋಡಿ. ಶಾಸನಸಭೆಗಳನ್ನು ಅಧ್ಯಯನ ಮಾಡುವವರು ಬಳಸುವ ಹಳೆಯ ಅಳತೆ ಒಂದಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಟುವರ್ಟ್ ರೈಸ್ 1920ರ ದಶಕದಲ್ಲಿ ಕೊಟ್ಟದ್ದು. ಒಂದು ಪಕ್ಷದೊಳಗೆ ಪರ ಹಾಕಿದವರಿಂದ ವಿರುದ್ಧ ಹಾಕಿದವರನ್ನು ಕಳೆದು, ಮತ ಹಾಕಿದವರ ಸಂಖ್ಯೆಯಿಂದ ಭಾಗಿಸಬೇಕು. ಋಣ ಚಿಹ್ನೆ ಬಂದರೆ ಬಿಟ್ಟುಬಿಡಬೇಕು. ಎಲ್ಲರೂ ಒಂದೇ ಕಡೆ ಇದ್ದರೆ 1, ಅರ್ಧ ಅರ್ಧ ಹಂಚಿಹೋದರೆ 0. ಜುಲೈ 23ರಂದು ಈ ಅಂಕ ಎಷ್ಟು? ಬಿಜೆಪಿಗೆ 1. ಕಾಂಗ್ರೆಸ್ಸಿಗೆ 1. ಜೆಡಿಎಸ್‌ಗೂ 1. ಕರ್ನಾಟಕದ ರಾಜಕೀಯದಲ್ಲಿ ಪಕ್ಷಗಳು ಅಷ್ಟು ಬಹಿರಂಗವಾಗಿ ಒಡೆದ ದಿನ, ಈ ಅಳತೆ "ಮೂರೂ ಪಕ್ಷಗಳಲ್ಲಿ ಪೂರ್ತಿ ಒಗ್ಗಟ್ಟು" ಎಂದು ಹೇಳುತ್ತದೆ!

ಸೂತ್ರ ತಪ್ಪಲ್ಲ. ಅದು ಕೇಳುವುದು ಮತ ಹಾಕಿದವರನ್ನು ಮಾತ್ರ. ಗೈರಾದವರನ್ನೂ ಛೇದಕ್ಕೆ ಸೇರಿಸಿದರೆ ಚಿತ್ರ ಬದಲಾಗುತ್ತದೆ. ಸರ್ಕಾರದ ಕಡೆಯ 119ರಲ್ಲಿ ನಿಂತವರು 99, ಅಂದರೆ ಶೇ. 83.2. ಎದುರು ಕಡೆ ಶೇ. 100. ಎರಡೂ ಲೆಕ್ಕಗಳು ಒಂದೇ ದಾಖಲೆಯಿಂದ ಬಂದವು. ನಡುವಿನ ವ್ಯತ್ಯಾಸ ಒಂದೇ, ಗೈರಾದವರನ್ನು ಏನೆಂದು ಬರೆದುಕೊಳ್ಳುತ್ತೀರಿ ಅನ್ನುವುದು.

20 ಗೈರು, ಒಂದೇ ಅರ್ಥವಲ್ಲ

ಹಾಗಾದರೆ ಗೈರನ್ನು "ವಿರುದ್ಧ" ಎಂದು ಬರೆದುಕೊಂಡರೆ ಆಯ್ತಲ್ವಾ? ಆಗಲ್ಲ. ಈ ಪ್ರಕರಣ ಅದನ್ನೂ ತೋರಿಸುತ್ತದೆ.

20 ಜನರಲ್ಲಿ 17 ಮಂದಿಯನ್ನು ಅಂದಿನ ಸ್ಪೀಕರ್ ರಮೇಶ್ ಕುಮಾರ್ ಆಮೇಲೆ ಅನರ್ಹಗೊಳಿಸಿದರು. ಜುಲೈ 25ರಂದು ಮೂವರನ್ನು, ಜುಲೈ 28ರಂದು 14 ಜನರನ್ನು. ಈ 17ರಲ್ಲಿ 15 ಮಂದಿ ಅದಕ್ಕೆ ಮೊದಲೇ ರಾಜೀನಾಮೆ ಬರೆದುಕೊಟ್ಟಿದ್ದರು. ಅವರನ್ನು ಕಲಾಪಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 17ರಂದು ಮಧ್ಯಂತರ ಆದೇಶ ಕೊಟ್ಟಿತ್ತು.

ಉಳಿದ ಮೂವರು ಯಾರು? ಒಬ್ಬರು ಪಕ್ಷೇತರ ಶಾಸಕ ಎಚ್. ನಾಗೇಶ್. ಅವರಿಗೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಕೊಡುವ ಪಕ್ಷವೇ ಇಲ್ಲ. ಆ ತಿಂಗಳ ಮೊದಲಲ್ಲೇ ಬೆಂಬಲ ವಾಪಸ್ ತೆಗೆದುಕೊಂಡಿದ್ದರು. ಇನ್ನೊಬ್ಬರು ಬಿಎಸ್‌ಪಿಯ ಎನ್. ಮಹೇಶ್. ಸರ್ಕಾರದ ಪರ ಮತ ಹಾಕಬೇಕೆಂಬುದು ಅವರ ಪಕ್ಷದ ಸೂಚನೆ. ಅವರು ಬರಲಿಲ್ಲ. ಅದೇ ದಿನ ಮಾಯಾವತಿ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು. ಮೂರನೆಯವರು ಕಾಂಗ್ರೆಸ್ ಶಾಸಕರು, ಆಸ್ಪತ್ರೆಯಲ್ಲಿದ್ದರು.

ಈಗ ಇವರನ್ನು ಒಂದೇ ಪೆಟ್ಟಿಗೆಗೆ ಹಾಕಿ ನೋಡೋಣ. ರಾಜೀನಾಮೆ ಕೊಟ್ಟು ಬೇರೆ ಊರಿನಲ್ಲಿ ಉಳಿದವರು, ಪಕ್ಷದ ಮಾತು ಮೀರಿದವರು, ಮೀರಲು ಪಕ್ಷವೇ ಇಲ್ಲದವರು, ಆಸ್ಪತ್ರೆಯಲ್ಲಿದ್ದವರು. ಹಾಜರಿ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ಗುರುತು. ಇಪ್ಪತ್ತೂ ಗೈರುಗಳನ್ನು ವಿರೋಧ ಎಂದು ಎಣಿಸಿದರೆ ಆಸ್ಪತ್ರೆಯಲ್ಲಿದ್ದವರಿಗೆ ಅನ್ಯಾಯ. ಎಲ್ಲವನ್ನೂ "ಮಾಹಿತಿ ಇಲ್ಲ" ಎಂದು ಬಿಟ್ಟರೆ ಮತದಾರರಿಗೆ ಅನ್ಯಾಯ.

ಸಂಖ್ಯಾಶಾಸ್ತ್ರದಲ್ಲಿ ಇದು ಬಹಳ ಹಳೆಯ ತೊಂದರೆ. ಮಾಹಿತಿ ಕಾಣೆಯಾದಾಗ, ಅದು ಯಾದೃಚ್ಛಿಕವಾಗಿ ಕಾಣೆಯಾಗಿದ್ದರೆ ಬಿಟ್ಟು ಮುಂದೆ ಹೋಗಬಹುದು. ಸರಾಸರಿ ಅಷ್ಟೇನೂ ಕೆಡುವುದಿಲ್ಲ. ಕಾಣೆಯಾದ ಕಾರಣವೇ ನಾವು ಅಳೆಯುತ್ತಿರುವ ಸಂಗತಿಗೆ ಅಂಟಿಕೊಂಡಿದ್ದರೆ ಬಿಡುವಂತಿಲ್ಲ. ಪಕ್ಷದೊಳಗಿನ ಅಸಮಾಧಾನವನ್ನು ಅಳೆಯಲು ಹೊರಟಿದ್ದೇವೆ. ಅಸಮಾಧಾನ ಇದ್ದವರೇ ಬಂದಿಲ್ಲ. ಇಂಥ ಕಡೆ ಗೈರಿನ ಕಾರಣವನ್ನು ಕೈಯಲ್ಲೇ, ಒಬ್ಬೊಬ್ಬರದಾಗಿ, ಸಾರ್ವಜನಿಕ ದಾಖಲೆ ನೋಡಿ ಬರೆಯಬೇಕು. ಕಂಪ್ಯೂಟರ್ ಅದನ್ನು ಮಾಡಿಕೊಡಲ್ಲ.

ಒಂದು ಮತದಿಂದ ಎಷ್ಟು ಹೇಳಬಹುದು?

15ನೇ ವಿಧಾನಸಭೆಯ ಐದು ವರ್ಷದಲ್ಲಿ ಸರ್ಕಾರದ ಉಳಿವಿನ ಪ್ರಶ್ನೆ ಸದನಕ್ಕೆ ಹಲವು ಬಾರಿ ಬಂತು. 2018ರ ಮೇ 25ರಂದು ಕುಮಾರಸ್ವಾಮಿ ವಿಶ್ವಾಸಮತ ಗೆದ್ದಾಗ ಬಿಜೆಪಿ ಸದಸ್ಯರು ಸಭಾತ್ಯಾಗ ಮಾಡಿದ್ದರು. 2019ರ ಜುಲೈ 29ರಂದು ಯಡಿಯೂರಪ್ಪ ಗೆದ್ದದ್ದು ಧ್ವನಿಮತದಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ತಂದ ಅವಿಶ್ವಾಸ ನಿರ್ಣಯ ಬಿದ್ದದ್ದೂ ಧ್ವನಿಮತದಲ್ಲಿ. ಎರಡೂ ಕಡೆಯವರು ಸದನದಲ್ಲಿದ್ದು, ತಲೆ ಎಣಿಸಿ, ಅಂಕಿ ಹೊರಬಿದ್ದದ್ದು ಜುಲೈ 23ರಂದು ಮಾತ್ರ.

ಮಸೂದೆಗಳ ಕಥೆಯೂ ಬಹುಮಟ್ಟಿಗೆ ಇದೇ. ರಾಜ್ಯವನ್ನೇ ಎರಡು ಪಾಲು ಮಾಡಿದ್ದ ಗೋಹತ್ಯೆ ನಿಷೇಧ ಮಸೂದೆಗೆ 2020ರ ಡಿಸೆಂಬರ್ 9ರಂದು ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಧ್ವನಿಮತದಲ್ಲಿ. ಮತಾಂತರ ನಿಷೇಧ ಮಸೂದೆಗೆ 2021ರ ಡಿಸೆಂಬರ್ 23ರಂದು ಒಪ್ಪಿಗೆ ಸಿಕ್ಕಿದ್ದೂ ಹಾಗೆಯೇ. "ಪರ ಇರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ." ಯಾವ ದನಿ ಜೋರಾಗಿದೆ ಎಂದು ಸ್ಪೀಕರ್ ತೀರ್ಮಾನಿಸುತ್ತಾರೆ. ನಿಮ್ಮ ಕ್ಷೇತ್ರದ ಶಾಸಕರು ಹೌದು ಅಂದರಾ, ಇಲ್ಲ ಅಂದರಾ, ಸುಮ್ಮನೆ ಕೂತಿದ್ದರಾ? ದಾಖಲೆಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಉತ್ತರ ಇರುವುದಿಲ್ಲ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಮಸೂದೆಗೆ ಅಂತಿಮ ಒಪ್ಪಿಗೆ ಕೊಡುವಾಗ ಹೆಸರು ಹೆಸರಾಗಿ ಮತ ದಾಖಲಾಗುತ್ತದೆ. ಒಬ್ಬೊಬ್ಬ ಶಾಸಕರಿಗೆ ನೂರಾರು ಮತಗಳ ದಾಖಲೆ ಇರುತ್ತದೆ. ಅಲ್ಲಿನ ರಾಷ್ಟ್ರೀಯ ಸಂಸತ್ತಿನಲ್ಲೂ ಇಂಥ ದಾಖಲೆ ಇದೆ. ಅದಕ್ಕೇ ಕೀತ್ ಪೂಲ್, ಹೊವರ್ಡ್ ರೊಸೆಂತಾಲ್ ಎಂಬ ವಿದ್ವಾಂಸರು 1980ರ ದಶಕದಲ್ಲಿ, ಮತಗಳಿಂದಲೇ ಒಬ್ಬ ಜನಪ್ರತಿನಿಧಿ ಯಾವ ಒಲವಿನವನು ಎಂದು ಲೆಕ್ಕ ಹಾಕುವ ನಾಮಿನೇಟ್ ಎಂಬ ವಿಧಾನ ಕಟ್ಟಲು ಸಾಧ್ಯವಾಯಿತು. ಅದೇ ವಿಧಾನವನ್ನು ನಮ್ಮ ವಿಧಾನಸಭೆಗೆ ತಂದು ಕೂರಿಸಿದರೆ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ.

ಎಷ್ಟು ಮತ ಇದ್ದರೆ ಎಷ್ಟು ಹೇಳಬಹುದು ಅನ್ನುವುದನ್ನು ಸರಳವಾಗಿ ಲೆಕ್ಕ ಹಾಕೋಣ. ಒಬ್ಬ ಶಾಸಕ ಒಂದೇ ಒಂದು ಎಣಿಕೆಯಾದ ಮತದಲ್ಲಿ ಪಕ್ಷದ ಜೊತೆ ನಿಂತ. "ನೂರಕ್ಕೆ ನೂರು ಪಕ್ಷನಿಷ್ಠೆ" ಎಂದು ಬರೆದುಬಿಡಬಹುದಾ? ಆತ ಪಕ್ಷದ ವಿರುದ್ಧ ಹೋಗುವ ಸಂಭವ ನಿಜಕ್ಕೂ ಶೇ. 95 ಇದ್ದರೂ, ಒಂದು ಮತದಲ್ಲಿ ಜೊತೆ ನಿಲ್ಲುವ ಸಾಧ್ಯತೆ ಶೇ. 5 ಇದ್ದೇ ಇರುತ್ತದೆ. ಅಂದರೆ ಶೇ. 95ರ ಭರವಸೆಯಲ್ಲಿ ನಾವು ಹೇಳಬಹುದಾದದ್ದು ಇಷ್ಟು: ಆತ ವಿರುದ್ಧ ಹೋಗುವ ಪ್ರಮಾಣ 0 ಮತ್ತು 95ರ ನಡುವೆ ಎಲ್ಲೋ ಇದೆ. ಇದು ಏನೂ ಹೇಳದೇ ಇರುವುದಕ್ಕೆ ಸಮ. 20 ಮತಗಳಲ್ಲಿ ಒಂದು ಸಲವೂ ವಿರುದ್ಧ ಹೋಗದಿದ್ದರೆ ಆ ಮೇಲ್ಮಿತಿ ಸುಮಾರು ಶೇ. 14ಕ್ಕೆ ಇಳಿಯುತ್ತದೆ. ಶೇ. 5ಕ್ಕೆ ಇಳಿಯಬೇಕಾದರೆ ಸುಮಾರು 60 ಮತ ಬೇಕು. ಅದೂ ಒಂದೊಂದು ಮತವೂ ಇನ್ನೊಂದಕ್ಕೆ ಅಂಟಿಕೊಂಡಿರದೆ ಸ್ವತಂತ್ರವಾಗಿದ್ದರೆ.

60 ಮತ ಸಿಕ್ಕಿದರೂ ಇನ್ನೊಂದು ಮಾತು ಉಳಿಯುತ್ತದೆ. 1985ರಲ್ಲಿ 52ನೇ ತಿದ್ದುಪಡಿ ಮೂಲಕ ಬಂದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಪಕ್ಷದ ಸೂಚನೆಗೆ ವಿರುದ್ಧ ಮತ ಹಾಕಿದರೂ ಮತದಿಂದ ದೂರ ಉಳಿದರೂ ಸ್ಥಾನ ಹೋಗಬಹುದು ಎನ್ನುತ್ತದೆ. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಉಳಿವು. 1992ರ ಕಿಹೊಟೊ ಹೊಲ್ಲೊಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಇಂಥ ಕಟ್ಟುಪಾಡು ಸರ್ಕಾರದ ಉಳಿವು ಅಥವಾ ಪಕ್ಷದ ಮುಖ್ಯ ನೀತಿಯ ಮತಗಳಿಗೆ ಮಾತ್ರ ಇರಲಿ ಎಂಬ ಅಭಿಪ್ರಾಯವನ್ನೂ ಕೊಟ್ಟಿತ್ತು. ರಾಜಕೀಯ ಪಕ್ಷಗಳು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿಲ್ಲ. ಹೀಗಿರುವಾಗ ಸದನದ ಒಳಗಿನ ಮತದಿಂದ ನಮಗೆ ತಿಳಿಯುವುದು ಶಾಸಕನ ಅಭಿಪ್ರಾಯ ಅಲ್ಲ, ವಿಪ್‌ನ ಬಲ.

ಹಾಜರಾತಿಯ ಶೇಕಡಾವಾರು ಮುಚ್ಚಿಡುವುದು

ಶಾಸಕರ ಅಂಕಪಟ್ಟಿ ಅಂದ ಕೂಡಲೇ ಮೊದಲು ಬರುವ ಕಾಲಂ ಹಾಜರಾತಿ. ಕರ್ನಾಟಕದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂದು 2005ರ ಕಾನೂನೇ ಇದೆ. 2022ರಲ್ಲಿ ಸೇರಿದ್ದು 45 ದಿನ. ಆ ವರ್ಷ ದೇಶದ ವಿಧಾನಸಭೆಗಳ ಸರಾಸರಿ 21 ದಿನ. ಹಾಗಾಗಿ ನಮ್ಮದು ಹೋಲಿಕೆಯಲ್ಲಿ ಒಳ್ಳೆಯದೇ, ಕಾನೂನಿಗೆ ಹೋಲಿಸಿದರೆ ಕಡಿಮೆಯೇ.

45 ದಿನದ ಒಂದು ವರ್ಷವನ್ನು ಇಟ್ಟುಕೊಳ್ಳಿ. ಒಬ್ಬ ಶಾಸಕ 44 ದಿನ ಬಂದು, ಸರ್ಕಾರದ ಹಣೆಬರಹ ತೀರ್ಮಾನವಾಗುವ ಒಂದೇ ದಿನ ಬರಲಿಲ್ಲ. ಹಾಜರಾತಿ ಶೇ. 97.8. 2019ರ ವಿಶ್ವಾಸಮತದ ಚರ್ಚೆ ನಡೆದದ್ದು ಜುಲೈ 18, 19, 22 ಮತ್ತು 23ರಂದು. ಆ ನಾಲ್ಕೂ ದಿನ ತಪ್ಪಿಸಿಕೊಂಡರೂ ಅಂಥ ವರ್ಷದಲ್ಲಿ ಶೇ. 91.1. ಯಾವ ಪಟ್ಟಿಯಲ್ಲಾದರೂ ಇದು "ಉತ್ತಮ" ಎಂಬ ಬಣ್ಣ ಪಡೆಯುತ್ತದೆ. ಇನ್ನೊಬ್ಬರು ಕ್ಷೇತ್ರದಲ್ಲಿ ನೆರೆ ಬಂದಾಗ ಹತ್ತು ದಿನ ಅಲ್ಲೇ ನಿಂತರು, ಮತದ ದಿನ ಬಂದರು. ಅವರಿಗೆ ಶೇ. 77.8. ಎಲ್ಲ ದಿನಗಳಿಗೂ ಒಂದೇ ತೂಕ ಕೊಟ್ಟರೆ ಆಗುವುದು ಹೀಗೆ.

ನನ್ನ ಪ್ರಕಾರ ಹಾಜರಾತಿಯನ್ನು ಎರಡಾಗಿ ಒಡೆಯಲೇಬೇಕು. ಮತ ಅಥವಾ ಬಜೆಟ್ ಒಪ್ಪಿಗೆ ಇದ್ದ ದಿನಗಳು ಒಂದು ಕಡೆ, ಉಳಿದ ದಿನಗಳು ಇನ್ನೊಂದು ಕಡೆ. ಮೊದಲನೆಯದಕ್ಕೆ ಶೇಕಡಾವಾರು ಬೇಡ. ದಿನಾಂಕ ಹಾಕಿ "ಇದ್ದರು, ಇರಲಿಲ್ಲ" ಎಂದು ಬರೆದರೆ ಸಾಕು. ಇಷ್ಟು ಕಡಿಮೆ ದಿನಗಳಿಗೆ ಶೇಕಡಾ ಹಾಕುವುದು ಓದುಗರಿಗೆ ಇಲ್ಲದ ನಿಖರತೆಯನ್ನು ತೋರಿಸಿದಂತೆ.

ಛೇದದ ಬಗ್ಗೆಯೂ ಎಚ್ಚರ ಬೇಕು. 2025ರ ಮಾರ್ಚ್ 21ರಂದು ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಅದನ್ನು ವಾಪಸ್ ಪಡೆಯಲಾಯಿತು. ಅಮಾನತಾದವರು ಬರಬೇಕೆಂದರೂ ಬರುವಂತಿಲ್ಲ. ಅಂಥ ಅವಧಿಯಲ್ಲಿ ಸದನ ನಡೆದರೆ ಅದನ್ನು ಗೈರು ಎಂದು ಹಾಕುವುದು ತಪ್ಪು, ಛೇದದಿಂದ ತೆಗೆದು ಪಕ್ಕದಲ್ಲಿ "ಅಮಾನತು" ಎಂದು ಬರೆಯಬೇಕು. ಸದನಕ್ಕೆ ಬರುವ ಹೋಗುವ ಹೊತ್ತನ್ನು ಎಐ ಕ್ಯಾಮೆರಾದಲ್ಲಿ ದಾಖಲಿಸುವ ವ್ಯವಸ್ಥೆ 2024ರಲ್ಲಿ ನಮ್ಮ ವಿಧಾನಸಭೆಗೆ ಬಂದಿದೆ. ಯಾರು ಎಷ್ಟು ಹೊತ್ತು ಕೂತಿದ್ದರು ಅನ್ನುವುದಕ್ಕೆ ಅದು ಒಳ್ಳೆಯದು. ಯಾಕೆ ಬರಲಿಲ್ಲ ಅನ್ನುವುದಕ್ಕೆ ಕ್ಯಾಮೆರಾದಲ್ಲಿ ಉತ್ತರ ಇಲ್ಲ.

ಅದೇ ಶಾಸಕ, ಐದು ವರ್ಷದಲ್ಲಿ ನಾಲ್ಕು ಸ್ಥಿತಿ

ಪ್ರಕರಣದ ಅತಿ ಕಠಿಣ ಭಾಗ ಇದು. ಅಂಕಪಟ್ಟಿ ಮಾಡುವವರು ಜಾಸ್ತಿ ಎಡವುವುದೂ ಇಲ್ಲೇ.

ಆ 17 ಜನರ ಅನರ್ಹತೆಯನ್ನು 2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂಬ ಸ್ಪೀಕರ್ ಆದೇಶದ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅನರ್ಹರಾದವರಲ್ಲಿ 13 ಮಂದಿ ಬಿಜೆಪಿ ಟಿಕೆಟ್‌ನಲ್ಲಿ ನಿಂತರು, 11 ಮಂದಿ ಗೆದ್ದರು. ಅವರಲ್ಲಿ 10 ಜನ 2020ರ ಫೆಬ್ರವರಿ 6ರಂದು ಮಂತ್ರಿಗಳಾದರು.

ಆ ಹತ್ತರಲ್ಲಿ, ಮೈತ್ರಿ ಸರ್ಕಾರದಲ್ಲಿ ಮಂತ್ರಿಯಾಗಿರದೆ ಆಮೇಲೆ ಕೊನೆಯವರೆಗೂ ಮಂತ್ರಿಯಾಗಿದ್ದ ಒಬ್ಬರ ಲೆಕ್ಕ ತೆಗೆಯೋಣ. 2018ರ ಮೇ 15ರ ಫಲಿತಾಂಶದಿಂದ 2019ರ ಜುಲೈ 28ರ ಅನರ್ಹತೆಯವರೆಗೆ 439 ದಿನ ಆಡಳಿತ ಪಕ್ಷದ ಸಾಮಾನ್ಯ ಶಾಸಕ. ಅಲ್ಲಿಂದ ಡಿಸೆಂಬರ್ 9ರ ಎಣಿಕೆಯವರೆಗೆ 134 ದಿನ ಶಾಸಕರೇ ಅಲ್ಲ. ಆಮೇಲೆ 59 ದಿನ ಮತ್ತೆ ಸಾಮಾನ್ಯ ಶಾಸಕ, ಬೇರೆ ಪಕ್ಷದಲ್ಲಿ. ಆಮೇಲೆ, 2021ರಲ್ಲಿ ಮುಖ್ಯಮಂತ್ರಿ ಬದಲಾದಾಗಿನ ಕೆಲವು ದಿನ ಬಿಟ್ಟರೆ, ಮಂತ್ರಿ. 2023ರ ಮೇ 13ರ ಫಲಿತಾಂಶದವರೆಗೆ ಒಟ್ಟು 1824 ದಿನ. ಅದರಲ್ಲಿ ಸರ್ಕಾರಕ್ಕೆ ಪ್ರಶ್ನೆ ಕೇಳುವ ಸಾಮಾನ್ಯ ಶಾಸಕನ ಸ್ಥಾನದಲ್ಲಿ ಇದ್ದದ್ದು 498 ದಿನ, ಅಂದರೆ ಶೇ. 27.

ಈಗ "ಐದು ವರ್ಷದಲ್ಲಿ ಕೇಳಿದ ಪ್ರಶ್ನೆಗಳು" ಎಂಬ ಕಾಲಂನಲ್ಲಿ ಇವರನ್ನು, ಐದೂ ವರ್ಷ ಹಿಂದಿನ ಸಾಲಿನಲ್ಲಿ ಕೂತ ಶಾಸಕರ ಪಕ್ಕ ಇಟ್ಟು ನೋಡಿ. ಮಂತ್ರಿ ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಪ್ರಶ್ನೆ ಸೊನ್ನೆ ಎಂದರೆ ಅದು ಸೋಮಾರಿತನ ಅಲ್ಲ, ಹುದ್ದೆ. ಸಂಸತ್ತಿನಲ್ಲಂತೂ ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿಯನ್ನೇ ಹಾಕುವುದಿಲ್ಲ. ಸಂಸದರ ಕೆಲಸವನ್ನು ದಾಖಲಿಸುವ ಪಿಆರ್‌ಎಸ್ ಸಂಸ್ಥೆ ಇದೇ ಕಾರಣಕ್ಕೆ ಮಂತ್ರಿಗಳನ್ನು ಸರಾಸರಿಗೆ ಸೇರಿಸುವುದಿಲ್ಲ. ಆ ಶಿಸ್ತು ರಾಜ್ಯದ ಪಟ್ಟಿಗಳಿಗೂ ಬೇಕು. ಮಂತ್ರಿಗೆ ಬೇರೆ ಕಾರ್ಡೇ ಬೇಕು: ಎಷ್ಟು ಪ್ರಶ್ನೆಗೆ ಆ ದಿನವೇ ಉತ್ತರ ಕೊಟ್ಟರು, ಎಷ್ಟಕ್ಕೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದು ಮುಂದೂಡಿದರು, ಕೊಟ್ಟ ಭರವಸೆಗಳಲ್ಲಿ ಎಷ್ಟು ಈಡೇರಿದವು.

ಸಾಮಾನ್ಯ ಶಾಸಕರ ನಡುವೆಯೂ ಹೋಲಿಕೆ ಸುಲಭ ಅಲ್ಲ. ಆಡಳಿತ ಪಕ್ಷದವರು ಕೆಲಸ ಆಗಬೇಕಾದರೆ ನೇರವಾಗಿ ಮಂತ್ರಿಯ ಕೊಠಡಿಗೆ ಹೋಗುತ್ತಾರೆ. ವಿರೋಧ ಪಕ್ಷದವರಿಗೆ ಪ್ರಶ್ನೋತ್ತರವೇ ದಾರಿ. ಯಾವ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುತ್ತದೆ ಅನ್ನುವುದರಲ್ಲಿ ಲಾಟರಿಯ ಪಾಲೂ ಇದೆ. ಹಾಗಾಗಿ ಆಡಳಿತದವರನ್ನು ಆಡಳಿತದವರ ಜೊತೆ, ವಿರೋಧದವರನ್ನು ವಿರೋಧದವರ ಜೊತೆ ಹೋಲಿಸಬೇಕು. ಒಟ್ಟು ಸಂಖ್ಯೆ ಬೇಡ, ಪ್ರಶ್ನೆ ಕೇಳಲು ಅವಕಾಶವಿದ್ದ ಕಲಾಪದ ದಿನಕ್ಕೆ ಎಷ್ಟು ಅನ್ನುವ ದರ ಬೇಕು. ಸರಾಸರಿಯ ಜಾಗದಲ್ಲಿ ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿ, ಇರಲಿ. ಐದು ಜನ ಕ್ರಮವಾಗಿ 10, 12, 15, 18, 145 ಪ್ರಶ್ನೆ ಕೇಳಿದರು ಅಂದುಕೊಳ್ಳಿ. ಸರಾಸರಿ 40. ನಾಲ್ಕು ಜನ "ಸರಾಸರಿಗಿಂತ ಕೆಳಗೆ" ಎಂದು ಪತ್ರಿಕೆಯಲ್ಲಿ ಬರುತ್ತದೆ. ಮಧ್ಯಾಂಕ 15. ಅದು ಆ ಗುಂಪಿನ ನಿಜವಾದ ಮಟ್ಟ.

ಇನ್ನು ಪ್ರಶ್ನೆಯ ಗುಣ. ಕ್ಷೇತ್ರದ ಹೆಸರು ಮಾತ್ರ ಬದಲಿಸಿ ಒಂದೇ ಪ್ರಶ್ನೆಯನ್ನು ಎಲ್ಲ ಇಲಾಖೆಗೂ ಕಳಿಸಬಹುದು. ಸಂಖ್ಯೆಗೆ ಅಂಕ ಕೊಡಲು ಶುರು ಮಾಡಿದ ದಿನದಿಂದ ಸಂಖ್ಯೆ ಏರುತ್ತದೆ, ಕೆಲಸ ಏರಲೇಬೇಕೆಂದಿಲ್ಲ. ಪರೀಕ್ಷೆಗೆ ಗೈಡ್ ಓದುವ ಹುಡುಗನ ಹಾಗೆ. ವಿಧಾನಸಭೆಯ ನಡವಳಿಗಳು ಜಾಲತಾಣದಲ್ಲಿ ಸಿಗುತ್ತವೆ. ಅದರಿಂದ ಒಬ್ಬ ಶಾಸಕರ ಇಪ್ಪತ್ತು ಪ್ರಶ್ನೆಗಳನ್ನು ಚೀಟಿ ಎತ್ತಿದಂತೆ ಆರಿಸಿ ಪೂರ್ತಿ ಓದಿದರೆ, ಇನ್ನೂರರ ಎಣಿಕೆಗಿಂತ ಚೆನ್ನಾಗಿ ತಿಳಿಯುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೂ ಹೀಗೆಯೇ. ವರ್ಷಕ್ಕೆ 2 ಕೋಟಿ ರೂಪಾಯಿ, ಹಣ ಹೋಗುವುದು ಜಿಲ್ಲಾಧಿಕಾರಿ ಮೂಲಕ. "ಶೇ. 90 ಖರ್ಚು" ಅನ್ನುವುದರಲ್ಲಿ ಶಾಸಕರ ಪಾಲೆಷ್ಟು, ಅಧಿಕಾರಿಗಳ ಪಾಲೆಷ್ಟು ಎಂದು ಬೇರ್ಪಡಿಸಲಾಗದು.

ಮತದಾರರು ಕೊಟ್ಟ ಅಂಕ

13ರಲ್ಲಿ 11 ಗೆಲುವು ಅಂದರೆ ಶೇ. 84.6. "ಜನರೇ ಒಪ್ಪಿದ್ದಾರೆ, ಇನ್ನು ನಿಮ್ಮ ಅಂಕಪಟ್ಟಿ ಯಾಕೆ?" ಎಂದು ಕೇಳುವವರಿದ್ದಾರೆ. ಆ ವಾದಕ್ಕೆ ಗೌರವ ಕೊಡಬೇಕು. ಕೊನೆಯ ತೀರ್ಪು ಅವರದ್ದೇ. ಆದರೆ ಈ ಅಂಕಿ ಏನನ್ನು ಅಳೆಯುತ್ತದೆ ಎಂದು ನೋಡಿ. ಅನರ್ಹರಾದ 17ರಲ್ಲಿ ಕಣಕ್ಕಿಳಿದವರು 13 ಜನ ಮಾತ್ರ. ಅವತ್ತು ಸೋತಿದ್ದರೆ ರಾಜ್ಯ ಸರ್ಕಾರವೇ ಅಲುಗಾಡುತ್ತಿತ್ತು, ಗೆದ್ದರೆ ಮಂತ್ರಿ ಸ್ಥಾನ ಎಂಬ ಮಾತು ಪ್ರಚಾರದಲ್ಲೇ ಇತ್ತು. ಜನ ಹಾಕಿದ್ದು ಹಿಂದಿನ ಕೆಲಸಕ್ಕೆ ಅಂಕವೋ, ಮುಂದಿನ ಲಾಭಕ್ಕೆ ಮತವೋ? ಹದಿಮೂರು ಫಲಿತಾಂಶಗಳಿಂದ ಇದನ್ನು ಬಿಡಿಸಲು ಸಾಧ್ಯವೇ ಇಲ್ಲ. ಗೆಲುವನ್ನು ಸಾಧನೆಯ ಕಾಲಂನಲ್ಲಿ ಹಾಕಬೇಡಿ. ಅದು ಬೇರೆ ಸಾಲು.

ಸದನದ ಹೊರಗೆ ಬಿದ್ದ ಎರಡು ಗುರುತು

ವಿಪ್‌ನ ಭಯ ಇಲ್ಲದ ಕಡೆ ಇದೇ ಶಾಸಕರು ಏನು ಮಾಡುತ್ತಾರೆ? ಇದನ್ನು ನೋಡಲು ಒಂದು ಕಿಟಕಿ ಇದೆ, ರಾಜ್ಯಸಭಾ ಚುನಾವಣೆ. 2003ರಿಂದ ಅಲ್ಲಿ ಮತ ಬಹಿರಂಗ. ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಆದರೆ ಬೇರೆ ಪಕ್ಷಕ್ಕೆ ಹಾಕಿದರೂ ಪಕ್ಷಾಂತರ ಕಾನೂನಿನಡಿ ಸ್ಥಾನ ಹೋಗುವುದಿಲ್ಲ. ಹೆಸರು ಗೊತ್ತಾಗುತ್ತದೆ, ಶಿಕ್ಷೆ ಸಣ್ಣದು. ಅಳೆಯುವವರಿಗೆ ಇಂಥ ಅವಕಾಶ ಅಪರೂಪ.

2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಅಡ್ಡಮತ ಹಾಕಿದರು. ಶಿವರಾಮ ಹೆಬ್ಬಾರ್ ಮತ ಹಾಕಲು ಬರಲೇ ಇಲ್ಲ. ಇಬ್ಬರೂ 2019ರ ಆ 17ರ ಪಟ್ಟಿಯಲ್ಲಿದ್ದವರು, 2020ರಲ್ಲಿ ಮಂತ್ರಿಯಾದ ಹತ್ತರಲ್ಲೂ ಇದ್ದವರು. 2025ರ ಮೇ ತಿಂಗಳಲ್ಲಿ ಬಿಜೆಪಿ ಇಬ್ಬರನ್ನೂ ಆರು ವರ್ಷ ಉಚ್ಚಾಟಿಸಿತು. ಇಬ್ಬರಿಂದ ಒಂದು ನಿಯಮ ಕಟ್ಟಲಾಗದು, ಕಟ್ಟಲೂಬಾರದು. ಆದರೆ ಅಳೆಯುವವರಿಗೆ ಇಲ್ಲಿ ಗಟ್ಟಿ ಸುಳಿವಿದೆ. ಒಬ್ಬರು ಅಡ್ಡಮತ, ಇನ್ನೊಬ್ಬರು ಗೈರು. ಪಕ್ಷ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಗೈರಿಗೆ ಅರ್ಥವಿದೆ ಎಂಬುದು ಪಕ್ಷಗಳಿಗೆ ಚೆನ್ನಾಗಿ ಗೊತ್ತು, ನಮ್ಮ ಅಂಕಪಟ್ಟಿಗಳಿಗೆ ಮಾತ್ರ ಗೊತ್ತಿಲ್ಲ.

ಹಾಗಾದರೆ ಕಾರ್ಡ್‌ನಲ್ಲಿ ಏನಿರಬೇಕು?

ಒಂದೇ ಒಟ್ಟು ಅಂಕ ಬೇಡವೇ ಬೇಡ. "ನಿಮ್ಮ ಶಾಸಕರಿಗೆ 100ಕ್ಕೆ 64" ಎಂಬ ಸಾಲು ಹಂಚಿಕೊಳ್ಳಲು ಸುಲಭ. ಆದರೆ ಹಾಜರಾತಿಗೆ 30, ಪ್ರಶ್ನೆಗೆ 40, ನಿಧಿಗೆ 30 ಎಂದು ತೂಕ ಹಂಚಿದವರು ಯಾರು? ತೂಕ ಸ್ವಲ್ಪ ಬದಲಿಸಿದರೆ 64 ಇದ್ದವರು 48ಕ್ಕೆ ಇಳಿಯಬಹುದು, 48 ಇದ್ದವರು ಮೇಲೇರಬಹುದು. ಅದು ಅಳತೆ ಅಲ್ಲ, ಅಳೆದವರ ಅಭಿರುಚಿ.

ಈ ಪ್ರಕರಣದ ಶಾಸಕರಿಗೆ ನಾನು ಬರೆಯುವ ಕಾರ್ಡ್ ಹೀಗಿರುತ್ತದೆ. ಮೇಲೆ ಅವರ ಸ್ಥಿತಿ ದಿನಾಂಕದ ಸಮೇತ: ಯಾವಾಗ ಸಾಮಾನ್ಯ ಶಾಸಕ, ಯಾವಾಗ ಮಂತ್ರಿ, ಯಾವಾಗ ಸ್ಥಾನ ಇರಲಿಲ್ಲ, ಯಾವ ಪಕ್ಷ. ಅದರ ಕೆಳಗೆ ಎಣಿಕೆಯಾದ ಪ್ರತಿಯೊಂದು ಮತ, ಪೂರ್ತಿ ಸಾಲಿನಲ್ಲಿ. "23 ಜುಲೈ 2019, ವಿಶ್ವಾಸಮತ, ಗೈರು, ರಾಜೀನಾಮೆ ಸಲ್ಲಿಸಿದ್ದರು, ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಇತ್ತು, ಆಮೇಲೆ ಅನರ್ಹ." ಓದುಗರಿಗೆ ಶೇಕಡಾವಾರಿಗಿಂತ ಈ ಒಂದು ಸಾಲು ಎಷ್ಟೋ ಜಾಸ್ತಿ ಹೇಳುತ್ತದೆ. ಆಮೇಲೆ ಅದೇ ಸ್ಥಿತಿಯ ಉಳಿದವರ ಮಧ್ಯಾಂಕದ ಪಕ್ಕದಲ್ಲಿ ಪ್ರಶ್ನೆಗಳ ದರ. ಮಂತ್ರಿಯಾಗಿದ್ದ ಅವಧಿಗೆ ಉತ್ತರಗಳ ಲೆಕ್ಕ. ಧ್ವನಿಮತದಲ್ಲಿ ಮುಗಿದ ಮಸೂದೆಗಳ ಎದುರು "ದಾಖಲೆ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ. ಆ ಖಾಲಿ ಜಾಗವನ್ನು ಪಕ್ಷದ ನಿಲುವಿನಿಂದ ಊಹಿಸಿ ತುಂಬಬಾರದು.

ಆ "ದಾಖಲೆ ಇಲ್ಲ" ಸಾಲುಗಳು ಕಾರ್ಡಿನ ಬಹುಭಾಗ ತುಂಬುತ್ತವೆ. ಹಾಗೇ ಇರಲಿ, ಮತದಾರರ ಕಣ್ಣಿಗೆ ಬೀಳಲಿ. ಧ್ವನಿಮತದ ತೀರ್ಮಾನ ಒಪ್ಪದ ಸದಸ್ಯರು ಮತವಿಭಜನೆ, ಅಂದರೆ ಎಣಿಸಿ ದಾಖಲಿಸುವ ಮತ, ಕೇಳಬಹುದು. ಅದನ್ನು ಕೇಳದೇ ಇರುವುದು ಎರಡೂ ಕಡೆಯವರ ರೂಢಿಯಾಗಿದೆ. ನಿಮ್ಮ ಶಾಸಕರು ಮುಂದಿನ ಸಲ ಕ್ಷೇತ್ರಕ್ಕೆ ಬಂದಾಗ ಹಾಜರಾತಿ ಎಷ್ಟು ಎಂದು ಕೇಳಬೇಡಿ. ಕಳೆದ ಅಧಿವೇಶನದಲ್ಲಿ ಯಾವ ಮಸೂದೆಗೆ ಮತವಿಭಜನೆ ಕೇಳಿದಿರಿ, ಅದರಲ್ಲಿ ನಿಮ್ಮ ಹೆಸರು ಯಾವ ಕಡೆ ಬಿತ್ತು ಎಂದು ಕೇಳಿ. ಉತ್ತರವನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.